ರುವಾಂಡಾದ ಮೂವತ್ತು ಜಿಲ್ಲೆಗಳನ್ನು ಕನ್ನಡ ನಕ್ಷೆಗೆ ಇಳಿಸಿದ್ದು: ನನ್ನ ಅನುಭವ

ನಾಲ್ಕು ಪ್ರಾಂತ್ಯ, ಜೊತೆಗೆ ಕಿಗಾಲಿ ನಗರ, ಒಟ್ಟು ಮೂವತ್ತು ಜಿಲ್ಲೆ. ರುವಾಂಡಾದ ಆಡಳಿತ ವಿಭಾಗಗಳ ಪಟ್ಟಿ ಮೇಲ್ನೋಟಕ್ಕೆ ಅರ್ಧ ಗಂಟೆಯ ಕೆಲಸ. ಅದನ್ನೇ ಕನ್ನಡ ಹೆಸರುಗಳಿರುವ, ಜನಗಣತಿಯ ಅಂಕಿಗಳನ್ನು ಜೋಡಿಸಬಹುದಾದ ನಕ್ಷೆಯಾಗಿ ಮಾಡಲು ಹೊರಟರೆ ವಾರಗಳು ಹಿಡಿಯುತ್ತವೆ. ಎಲ್ಲಿ ಎಡವುತ್ತೇವೆ, ಏಕೆ ಎಡವುತ್ತೇವೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೆಟ್ಟಿಲುಗಳು ತಲೆಯಲ್ಲಿ ಕೂರಬೇಕು. ಪ್ರಾಂತ್ಯಕ್ಕೆ ಕಿನ್ಯರುವಾಂಡಾ ಭಾಷೆಯಲ್ಲಿ ಇಂತಾರಾ, ಜಿಲ್ಲೆಗೆ ಅಕರೆರೆ, ಅದರ ಕೆಳಗೆ ಉಮುರೆಂಗೆ, ಅಕಗರಿ, ಕೊನೆಗೆ ಹಳ್ಳಿಯ ಮಟ್ಟದ ಉಮುಡುಗುಡು. 2006ರ ಆಡಳಿತ ಮರುವಿಂಗಡಣೆಯ ನಂತರದ ಲೆಕ್ಕ: 416 ಉಮುರೆಂಗೆ, 2,148 ಅಕಗರಿ, 14,837 ಉಮುಡುಗುಡು. ಈ ಭಾಷೆಯಲ್ಲಿ ಬಹುವಚನ ಪದದ ತಲೆಯಲ್ಲೇ ಬದಲಾಗುತ್ತದೆ: ಅಕರೆರೆ ಹೋಗಿ ಉತುರೆರೆ, ಉಮುರೆಂಗೆ ಹೋಗಿ ಇಮಿರೆಂಗೆ, ಅಕಗರಿ ಹೋಗಿ ಉತುಗರಿ. ಇದು ಗೊತ್ತಿಲ್ಲದವರು ಒಂದೇ ಮಟ್ಟವನ್ನು ಎರಡೆಂದು ತಿಳಿದು ಕಾಲಂ ಹೆಚ್ಚಿಸಿಬಿಡುತ್ತಾರೆ. ಉಮುರೆಂಗೆಯನ್ನು ನಾನು ಹೋಬಳಿ ಎಂದೋ ತಾಲ್ಲೂಕು ಎಂದೋ ಕನ್ನಡಿಸಲಿಲ್ಲ. ಅಲ್ಲಿನ ಅಧಿಕಾರ ಹಂಚಿಕೆ ನಮ್ಮದರಂತಿಲ್ಲ, ಹೆಸರು ಮಾತ್ರ ನಮ್ಮದಿಟ್ಟರೆ ಓದುವವನ ದಾರಿ ತಪ್ಪುತ್ತದೆ.

ನಕ್ಷೆಯಲ್ಲಿ ದಪ್ಪ ಗೆರೆ ಯಾವುದಕ್ಕೆ? ಪ್ರಾಂತ್ಯಕ್ಕೆ ಎಂದು ಕೈ ತಾನಾಗಿ ಹೋಗುತ್ತದೆ. ಆದರೆ ರುವಾಂಡಾದಲ್ಲಿ ಪ್ರಾಂತ್ಯ ಎನ್ನುವುದು ಗವರ್ನರ್ ಇರುವ ಸಮನ್ವಯದ ಮಟ್ಟ. ಚುನಾಯಿತ ಮಂಡಳಿ, ಬಜೆಟ್, ವರ್ಷಕ್ಕೊಮ್ಮೆ ಸಹಿ ಹಾಕುವ ಇಮಿಹಿಗೊ ಎಂಬ ಕಾರ್ಯಸಾಧನೆಯ ಒಪ್ಪಂದ, ಇವೆಲ್ಲ ಇರುವುದು ಜಿಲ್ಲೆಯಲ್ಲಿ. ಕಿಗಾಲಿಯೊಳಗೆ ಇದು ತಿರುವುಮುರುವು. 2019ರ ಕಾನೂನಿನ ನಂತರ ಗಸಾಬೊ, ಕಿಚುಕಿರೊ, ನ್ಯರುಗೆಂಗೆ ಎಂಬ ಅದರ ಮೂರು ಜಿಲ್ಲೆಗಳಿಗೆ ಪ್ರತ್ಯೇಕ ಕಾನೂನು ಅಸ್ತಿತ್ವವಿಲ್ಲ, ಅಧಿಕಾರ ನಗರಾಡಳಿತದ ಕೈಯಲ್ಲಿದೆ. ಹಾಗಾಗಿ ನಾನು ಜಿಲ್ಲೆಗೆ ದಪ್ಪ ಗೆರೆ, ಪ್ರಾಂತ್ಯಕ್ಕೆ ಬಣ್ಣ, ಕಿಗಾಲಿಯ ಒಳಗೆ ಮಾತ್ರ ತೆಳು ಗೆರೆ ಕೊಟ್ಟೆ.

ಇನ್ನು ಕೋಡ್‌ಗಳು. ಅತಿ ಹೆಚ್ಚು ಹಾಳಾಗುವುದು ಇಲ್ಲೇ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒದ ಪಟ್ಟಿಯಲ್ಲಿ 01 ಕಿಗಾಲಿ, 02 ಪೂರ್ವ, 03 ಉತ್ತರ, 04 ಪಶ್ಚಿಮ, 05 ದಕ್ಷಿಣ. ರುವಾಂಡಾದ ಅಂಕಿಅಂಶ ಸಂಸ್ಥೆ ಬಳಸುವ ಕ್ರಮದಲ್ಲಿ 1 ಕಿಗಾಲಿ, 2 ದಕ್ಷಿಣ, 3 ಪಶ್ಚಿಮ, 4 ಉತ್ತರ, 5 ಪೂರ್ವ. ಕಿಗಾಲಿ ಬಿಟ್ಟರೆ ಒಂದೂ ಹೊಂದುವುದಿಲ್ಲ. ಎರಡು ಕಡತಗಳನ್ನು ಈ ಅಂಕಿಯ ಮೇಲೆ ಜಾಯಿನ್ ಮಾಡಿದರೆ, ಅಂದರೆ ಸಾಲಿಗೆ ಸಾಲು ಹೊಂದಿಸಿ ಕೂಡಿಸಿದರೆ, ಯಾವ ದೋಷಸಂದೇಶವೂ ಬರುವುದಿಲ್ಲ, ಪೂರ್ವದ ಜನಸಂಖ್ಯೆ ಸದ್ದಿಲ್ಲದೆ ದಕ್ಷಿಣಕ್ಕೆ ಹೋಗಿ ಕೂರುತ್ತದೆ. ಐಎಸ್ಒ ಕೋಡನ್ನು ಬೇರೆ ಕಾಲಂನಲ್ಲಿ ಪಠ್ಯರೂಪದಲ್ಲಿ ಇಡಿ. ಅಂಕಿಯಾಗಿ ಓದಿಸಿದರೆ ಎಕ್ಸೆಲ್ 02ರ ಸೊನ್ನೆ ನುಂಗುತ್ತದೆ, ಆಮೇಲೆ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯದು. ದೇಶದೊಳಗಿನ ಕೋಡ್‌ಗೆ ಒಂದು ಅನುಕೂಲವಿದೆ: ಜಿಲ್ಲೆಗೆ ಎರಡಂಕಿ, ಉಮುರೆಂಗೆಗೆ ನಾಲ್ಕು, ಅಕಗರಿಗೆ ಆರು, ಉಮುಡುಗುಡುವಿಗೆ ಎಂಟು. 24 ಎಂದರೆ ದಕ್ಷಿಣದ ಹುಯೆ, 43 ಉತ್ತರದ ಮುಸಾಂಜೆ, 57 ಪೂರ್ವದ ಬುಗೆಸೆರಾ. ಎಡದಿಂದ ಎರಡಂಕಿ ಕತ್ತರಿಸಿದರೆ ಜಿಲ್ಲೆ ಸಿಕ್ಕಿಬಿಡುತ್ತದೆ.

ಸಾಲುಗಳನ್ನು ಹೊಂದಿಸಲು ಹೆಸರನ್ನೇ ಕೀಲಿಯಾಗಿ ಬಳಸುವುದಂತೂ ಬೇಡವೇ ಬೇಡ. ರೆಮೆರಾ ಎಂಬ ಉಮುರೆಂಗೆ ಗಸಾಬೊದಲ್ಲಿದೆ, ಮುಸಾಂಜೆಯಲ್ಲಿದೆ, ಗತ್ಸಿಬೊದಲ್ಲಿದೆ, ಂಗೊಮಾ (ಎನ್‌ಗೊಮಾ) ಜಿಲ್ಲೆಯಲ್ಲೂ ಇದೆ. ಬುಸಸಮಾನಾ ನ್ಯಾಂಜಾದಲ್ಲೊಂದು, ರುಬಾವುವಿನಲ್ಲೊಂದು. ನ್ಯರುಗೆಂಗೆ ಜಿಲ್ಲೆಯ ಹೆಸರು, ಅದರೊಳಗಿನ ಉಮುರೆಂಗೆಯ ಹೆಸರು, ಸಾಲದ್ದಕ್ಕೆ ಬುಗೆಸೆರಾದ ಒಂದು ಉಮುರೆಂಗೆಯ ಹೆಸರೂ ಹೌದು. ಕಿಗಾಲಿ ನಗರದೊಳಗೆ ಕಿಗಾಲಿ ಎಂಬ ಉಮುರೆಂಗೆಯೇ ಇದೆ. ಇದರ ಮೇಲೆ ಒಂದು ಕಡತ ‘ಅಕರೆರೆ ಕಾ ಗಸಾಬೊ’ ಎಂದು ಪೂರ್ತಿ ಬರೆದಿರುತ್ತದೆ, ಇನ್ನೊಂದು ಬರೀ ‘ಗಸಾಬೊ’ ಎನ್ನುತ್ತದೆ. ಮೊದಲ ಎರಡು ಪದ ತೆಗೆದು, ಕೊನೆಯ ಖಾಲಿ ಜಾಗ ಅಳಿಸಿ, ಆಮೇಲೆ ಹೋಲಿಸಬೇಕು. ಅದೂ ಕಣ್ಣಿನ ಪರಿಶೀಲನೆಗೆ ಮಾತ್ರ.

2006ರ ಜನವರಿ ಇಡೀ ಕೆಲಸದ ನಡುಗೋಡೆ. ಅದಕ್ಕೆ ಮೊದಲು ಹನ್ನೆರಡು ಪ್ರಾಂತ್ಯ, 106 ಜಿಲ್ಲೆ. ಹಳೆಯ ಪ್ರಾಂತ್ಯಗಳನ್ನು ಒಟ್ಟುಗೂಡಿಸಿ ಹೊಸದು ಮಾಡಿದರು ಎಂದುಕೊಂಡರೆ ತಪ್ಪು, ಗೆರೆಗಳನ್ನೇ ಹೊಸದಾಗಿ ಎಳೆದರು. ಹಳೆಯ ‘ಕಿಗಾಲಿ ಂಗಾಲಿ’ ಎಂಬ ಪ್ರಾಂತ್ಯದ ಬುಗೆಸೆರಾ ಭಾಗ ಪೂರ್ವಕ್ಕೆ ಹೋಯಿತು, ರುಲಿಂಡೊ ಭಾಗ ಉತ್ತರಕ್ಕೆ. ಪಟ್ಟಣಗಳ ಹೆಸರೂ ಬದಲಾದವು: ಬುತಾರೆ ಹುಯೆ ಆಯಿತು, ಗಿಸೆನ್ಯಿ ರುಬಾವು, ರುಹೆಂಗೆರಿ ಮುಸಾಂಜೆ, ಗಿತರಾಮಾ ಮುಹಾಂಗಾ, ಚ್ಯಾಂಗುಗು ರುಸಿಜಿ, ಕಿಬುಯೆ ಕರೊಂಗಿ. ಜನರ ಬಾಯಲ್ಲಿ ಹಳೆಯವೂ ಉಳಿದಿವೆ. 1994ರ ನರಮೇಧದ ಬಗ್ಗೆ ಓದಿದವರಿಗೆ ಪರಿಚಯವಿರುವುದು ಹಳೆಯ ಹೆಸರುಗಳೇ. ಮುರಂಬಿ ಸ್ಮಾರಕ ಗಿಕೊಂಗೊರೊದಲ್ಲಿದೆ ಎಂದು ಓದಿದವನು ಹೊಸ ನಕ್ಷೆಯಲ್ಲಿ ಅದನ್ನು ಹುಡುಕಬೇಕಾದ್ದು ನ್ಯಮಗಾಬೆಯಲ್ಲಿ. ಆದ್ದರಿಂದ ಹಳೆಯ ಹೆಸರಿಗೊಂದು ಕಾಲಂ ಬೇಕೇ ಬೇಕು. ಅದನ್ನು ಹುಡುಕಲು ಬಳಸಿ, ಲೆಕ್ಕಕ್ಕೆ ಬಳಸಬೇಡಿ. ಕಾರಣ, 2002ರ ಗಣತಿ ನಡೆದದ್ದು ಹಳೆಯ ಗೆರೆಗಳೊಳಗೆ. ಆಗಿನ ಕಿಗಾಲಿ ನಗರದಲ್ಲಿ ಸುಮಾರು 6 ಲಕ್ಷ ಜನ. ಈಗಿನ ಗೆರೆಗೆ ಮರುಲೆಕ್ಕ ಹಾಕಿದರೆ ಅದೇ ವರ್ಷಕ್ಕೆ ಸುಮಾರು 7.65 ಲಕ್ಷ. ಮೊದಲನೆಯದನ್ನು 2012ರ 11,32,686ರ ಪಕ್ಕದಲ್ಲಿಟ್ಟರೆ ನಗರ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾದಂತೆ ಕಾಣುತ್ತದೆ. ಬೆಳೆದದ್ದು ನಿಜ, ಆದರೆ ಅದರಲ್ಲಿ ಒಂದು ಪಾಲು ಗೆರೆಯದ್ದು.

ಜಾಯಿನ್ ಸರಿಯಾಗಿದೆಯೇ ಎಂದು ನೋಡಲು 2022ರ ಗಣತಿಯ ಅಂಕಿಗಳಿಂದ ಶುರುಮಾಡಿ. ಕಿಗಾಲಿ 17,45,555, ದಕ್ಷಿಣ 30,02,699, ಪಶ್ಚಿಮ 28,96,484, ಉತ್ತರ 20,38,511, ಪೂರ್ವ 35,63,145. ಮೊತ್ತ 1,32,46,394 ಬರಬೇಕು. ಆದರೆ ಪ್ರಾಂತ್ಯಗಳು ಅದಲುಬದಲಾಗಿದ್ದರೂ ಮೊತ್ತ ಸರಿಯೇ ಬರುತ್ತದಲ್ಲ! ಅದಕ್ಕೇ ಜಿಲ್ಲೆಗಳನ್ನೂ ಎಣಿಸಬೇಕು: ಕಿಗಾಲಿ 3, ದಕ್ಷಿಣ 8, ಪಶ್ಚಿಮ 7, ಉತ್ತರ 5, ಪೂರ್ವ 7. ಪೂರ್ವ ಪಶ್ಚಿಮ ಎರಡಕ್ಕೂ ಏಳೇ ಇರುವುದರಿಂದ ಉಮುರೆಂಗೆ ಲೆಕ್ಕವೂ ಬೇಕು: 35, 101, 96, 89, 95. ಮೂರೂ ಹೊಂದಿದರೆ ನೆಮ್ಮದಿ.

ಕನ್ನಡ ಬರಹದ ನಿಯಮಗಳನ್ನು ಕೆಲಸ ಶುರುವಾಗುವ ಮೊದಲೇ ಗೊತ್ತುಮಾಡಿಕೊಳ್ಳಿ. ಕಿನ್ಯರುವಾಂಡಾದಲ್ಲಿ ಕೆ ಅಕ್ಷರ ಕ, ಸಿ ಅಕ್ಷರ ಯಾವಾಗಲೂ ಚ. ಆದ್ದರಿಂದ ಕಿಚುಕಿರೊ, ಗಿಚುಂಬಿ. ಇಂಗ್ಲಿಷ್ ಅಭ್ಯಾಸದಲ್ಲಿ ಕಿಕುಕಿರೊ ಎಂದರೆ ಅಲ್ಲಿನವರಿಗೆ ಅರ್ಥವಾಗದು. ಮೂವತ್ತರಲ್ಲಿ ಏಳು ಜಿಲ್ಲೆಗಳ ಮೊದಲ ಸದ್ದು ನಮ್ಮ ಞ. ಆದರೆ ಞ ಕಂಡರೆ ಇಂದಿನ ಓದುಗ ತಡವರಿಸುತ್ತಾನೆ, ಹಾಗಾಗಿ ನ್ಯ ಇಟ್ಟೆ. ಟಿ ಅಕ್ಷರಕ್ಕೆ ತ, ಡಿ ಅಕ್ಷರಕ್ಕೆ ಡ. ಇದು ಅಸಮ, ಒಪ್ಪುತ್ತೇನೆ. ದೇಶದ ಹೆಸರಿನಲ್ಲೇ ಡ ಬೇರೂರಿರುವಾಗ ಬೇರೆ ದಾರಿಯಿರಲಿಲ್ಲ. ಂಗೊಮಾ ದೊಡ್ಡ ತಲೆನೋವು: ಮೂಗಿನ ಸದ್ದಿನಿಂದ ಶುರುವಾಗುವ ಪದಕ್ಕೆ ನಮ್ಮಲ್ಲಿ ಸಲೀಸಾದ ಬರಹವಿಲ್ಲ. ಕೆಲವು ತಂತ್ರಾಂಶಗಳು ತಲೆಯಲ್ಲಿರುವ ಸೊನ್ನೆಯ ಹಿಂದೆ ಚುಕ್ಕೆವೃತ್ತ ತೋರಿಸುತ್ತವೆ. ಅಲ್ಲಿ ಎನ್‌ಗೊಮಾ ಎಂದು ಬರೆದು ರಾಜಿಯಾಗಬೇಕು.

ರ್ವ ಇನ್ನೂ ಕೆಟ್ಟದ್ದು. ಪೂರ್ವದ ರುವಾಮಗಾನಾ ಜಿಲ್ಲೆಯ ಹೆಸರನ್ನು ಅರ್ಕಾವತ್ತಿನಲ್ಲಿ ಬರೆದರೆ ಸಣ್ಣ ಲೇಬಲ್‌ನಲ್ಲಿ ವಾರ್ಮಗಾನಾ ಎಂದು ಕಾಣುತ್ತದೆ. ಕಣ್ಣಿಗೆ ಕಾಣದ ಜೋಡಕ ಸೇರಿಸಿ ರಕಾರವನ್ನು ಮುಂದೆ ನಿಲ್ಲಿಸಬಹುದು, ಆದರೆ ಆಗ ಹುಡುಕಾಟ ಕೈಕೊಡುತ್ತದೆ. ರುವಾಮಗಾನಾ ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ದಿಕ್ಕುಗಳಲ್ಲಿ ಮಾತ್ರ ಕನ್ನಡ ತಾನಾಗಿ ಒದಗಿ ಬರುತ್ತದೆ. ಪೂರ್ವ ಪ್ರಾಂತ್ಯದ ಹೆಸರು ಇಬುರಸಿರಾಜುಬಾ, ಪಶ್ಚಿಮದ್ದು ಇಬುರೆಂಗೆರಾಜುಬಾ. ಇಜುಬಾ ಎಂದರೆ ಸೂರ್ಯ: ಮೊದಲನೆಯದು ಹೊತ್ತು ಮೂಡುವ ಕಡೆ, ಎರಡನೆಯದು ಹೊತ್ತು ಮುಳುಗುವ ಕಡೆ. ನಮ್ಮ ಮೂಡಣ, ಪಡುವಣಗಳೂ ಹುಟ್ಟಿದ್ದು ಹೀಗೆಯೇ.

ನಕ್ಷೆಯ ಪ್ರೊಜೆಕ್ಷನ್‌ನಲ್ಲಿ, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಲೆಕ್ಕದಲ್ಲಿ, ಒಂದು ಗುಂಡಿಯಿದೆ. 30 ಡಿಗ್ರಿ ಪೂರ್ವ ರೇಖಾಂಶ ದೇಶವನ್ನು ಸೀಳಿಕೊಂಡು ಹೋಗುತ್ತದೆ, ಯುಟಿಎಂ ಎಂಬ ಜಾಗತಿಕ ನಕ್ಷಾ ಪದ್ಧತಿಯ ವಲಯ 35 ಮತ್ತು 36ರ ಗಡಿಯೂ ಅದೇ. ಯಾವುದೋ ಒಂದು ವಲಯ ಹಿಡಿಯುವ ಬದಲು ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಟ್ರಾನ್ಸ್‌ವರ್ಸ್ ಮರ್ಕೇಟರ್ ಆರಿಸಿ, ನಡುರೇಖೆ 30 ಡಿಗ್ರಿ, ಸ್ಕೇಲ್ 0.9999, ಪೂರ್ವ ಆಫ್‌ಸೆಟ್ 5,00,000 ಮೀಟರ್, ಉತ್ತರ ಆಫ್‌ಸೆಟ್ 50,00,000 ಮೀಟರ್ ಕೊಡಿ. ದೇಶದ ಸ್ವಂತ ಪ್ರೊಜೆಕ್ಷನ್ ಇದೇ.

ಜನಸಾಂದ್ರತೆ ಲೆಕ್ಕ ಹಾಕುವ ಮುನ್ನ ಕಿವು ಸರೋವರ ನೋಡಿಕೊಳ್ಳಿ. ರುಬಾವು, ರುತ್ಸಿರೊ, ಕರೊಂಗಿ, ನ್ಯಮಶೆಕೆ, ರುಸಿಜಿ ಈ ಐದೂ ಅದರ ದಂಡೆಯವು. ಜಿಲ್ಲೆಗಳ ಗಡಿ ದಾಖಲಿಸಿದ ಕೆಲವು ಶೇಪ್‌ಫೈಲ್‌ಗಳಲ್ಲಿ ನೀರೂ ಜಿಲ್ಲೆಯೊಳಗೇ ಸೇರಿ ಸಾಂದ್ರತೆ ಇಳಿದುಬಿಡುತ್ತದೆ. ಇನ್ನು ಕೆಲವದರಲ್ಲಿ ಸರೋವರ, ರಾಷ್ಟ್ರೀಯ ಉದ್ಯಾನಗಳು ಬೇರೆ ಬಹುಭುಜಗಳಾಗಿ ನಿಂತು ಜಿಲ್ಲೆಗಳ ಪದರದಲ್ಲಿ ಮೂವತ್ತಕ್ಕಿಂತ ಹೆಚ್ಚು ಸಾಲು ಬರುತ್ತವೆ. ಕೋಡ್ ಇಲ್ಲದ ಸಾಲುಗಳನ್ನು ಅಳಿಸಬೇಡಿ, ಬೇರೆ ಪದರಕ್ಕೆ ಸರಿಸಿ, ನೀಲಿ ಹಸಿರು ಬಳಿಯುವಾಗ ಬೇಕಾಗುತ್ತವೆ.