ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ನಿಧಾನವಾಗಿದೆಯೇ? ಮೊದಲು ಕೇಬಲ್ ನೋಡಿ

ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ, ಅಂದರೆ ಕೇಬಲ್‌ನಿಂದ ಹೊರಗೆ ಜೋಡಿಸುವ ಸ್ಟೋರೇಜ್ ಡ್ರೈವ್‌ಗೆ, ಫೈಲ್ ಕಾಪಿ ಆಗಲು ಜಾಸ್ತಿ ಹೊತ್ತು ಹಿಡಿದರೆ, ಡ್ರೈವ್ ಕೆಟ್ಟಿದೆ ಅಂತ ಸುಮ್ನೆ ಗಾಬರಿಯಾಗಬೇಡಿ. ಕೇಬಲ್ ಬದಲಿಸಿ ನೋಡಿ.

ಮೊಬೈಲ್ ಜೊತೆ ಬರುವ ಟೈಪ್-ಸಿ ಚಾರ್ಜಿಂಗ್ ಕೇಬಲ್‌ಗಳಲ್ಲಿ ಎಷ್ಟೋ ಹಳೆಯ, ನಿಧಾನದ ಯುಎಸ್‌ಬಿ 2.0 ಮಾದರಿಯವು ಮಾತ್ರ. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್ (8 ಬಿಟ್ ಸೇರಿದರೆ 1 ಬೈಟ್). ನಿಜವಾಗಿ ಸಿಗುವುದು ಸುಮಾರು 40 ಮೆಗಾಬೈಟ್ ಅಷ್ಟೇ. ಯುಎಸ್‌ಬಿ 3.0 ಆದರೆ 5 ಗಿಗಾಬಿಟ್! ಚಾರ್ಜಿಂಗ್ ಕೇಬಲ್‌ನಲ್ಲಿ ಅಕ್ಕನ ಮದುವೆಯ 60 ಜಿಬಿ ಫೋಟೊ ಹಾಕಲು ನನಗೆ ಅರ್ಧ ಗಂಟೆ ಹಿಡಿದಿತ್ತು. ಡ್ರೈವ್ ಜೊತೆ ಬಂದ ಕೇಬಲ್ ಚುಚ್ಚಿದ ಮೇಲೆ ಐದು ನಿಮಿಷವೂ ಬೇಕಾಗಲಿಲ್ಲ.

ನೋಡಲು ಎರಡೂ ಒಂದೇ ಥರ ಇರುತ್ತವೆ, ಅಲ್ವಾ? ಅದಕ್ಕೇ ಡ್ರೈವ್ ಕೇಬಲ್‌ಗೆ ಬಣ್ಣದ ಟೇಪ್ ಸುತ್ತಿಡಿ. ಪೋರ್ಟ್ ಕೂಡ ಗಮನಿಸಿ. ಒಳಗೆ ನೀಲಿ ಬಣ್ಣ ಅಥವಾ ಪಕ್ಕದಲ್ಲಿ ‘ಎಸ್‌ಎಸ್’ ಗುರುತು ಇದ್ದರೆ ಸಾಮಾನ್ಯವಾಗಿ ಅದೇ ವೇಗದ ಪೋರ್ಟ್.