ವಿಮಾನದ ಕಿಟಕಿಯಿಂದ ಕೊಡಗು ನೋಡಬೇಕಾ? ಸೀಟು ಹೀಗೆ ಆರಿಸಿ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ 2018ರ ಡಿಸೆಂಬರಿನಲ್ಲಿ ಕೇರಳದ ಕಣ್ಣೂರು ನಿಲ್ದಾಣ ಶುರುವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಅನುಕೂಲವಾಗಿದೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿದರೆ ಮಟ್ಟನ್ನೂರು. ನಿಲ್ದಾಣ ಇರುವುದು ಅಲ್ಲೇ. ಬೆಂಗಳೂರಿನಿಂದ ಅಲ್ಲಿಗೆ ಹಾರುವಾಗ ನಮ್ಮ ಊರಿನ ಬೆಟ್ಟಗಳು ಕಾಣಸಿಗುತ್ತವೆ. ಸೀಟು ಸರಿಯಾದ ಕಡೆ ಸಿಕ್ಕಿರಬೇಕು ಅಷ್ಟೇ.

ತುಂಬಾ ಜನ ಕಿಟಕಿ ಸೀಟು ಸಿಕ್ಕರೆ ಸಾಕು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಸೇನೆಯಲ್ಲಿರುವ ತಮ್ಮನನ್ನು ನೋಡಲು ದೆಹಲಿಯಿಂದ ಪಶ್ಚಿಮ ಬಂಗಾಳದ ಬಾಗ್‌ಡೋಗ್ರಾಕ್ಕೆ ಹೋಗುವಾಗ ಬಲಗಡೆ ಕೂತೆ. ದಾರಿಯುದ್ದಕ್ಕೂ ಕಂಡದ್ದು ಮಬ್ಬು ಬಯಲು ಮಾತ್ರ. ಎಡಗಡೆಯವರು ಕಿಟಕಿಗೆ ಮುಖ ಅಂಟಿಸಿಕೊಂಡು ಹಿಮಾಲಯ ನೋಡುತ್ತಿದ್ದರು. ಆ ಬೇಸರ ಇನ್ನೂ ಹೋಗಿಲ್ಲ.

ಹಾಗಾಗಿ ಮೊದಲು ನಕ್ಷೆ ತೆರೆಯಿರಿ. ಹೊರಡುವ ಊರಿನಿಂದ ಇಳಿಯುವ ಊರಿಗೆ ನೇರ ಗೆರೆ ಎಳೆಯಿರಿ. ನೀವು ನೋಡಬೇಕೆಂದಿರುವುದು ಗೆರೆಯ ಯಾವ ಕಡೆ ಇದೆ? ಬೆಂಗಳೂರು–ಕಣ್ಣೂರು ಗೆರೆ ಗೋಣಿಕೊಪ್ಪದ ಹತ್ತಿರವೇ ಹಾದುಹೋಗುತ್ತದೆ. ವಿರಾಜಪೇಟೆ, ಮಡಿಕೇರಿ, ತಡಿಯಂಡಮೋಳ್ ಎಲ್ಲ ಬಲಕ್ಕೆ. ನಾಗರಹೊಳೆ ಕಾಡು, ಕಬಿನಿ ಹಿನ್ನೀರು ಎಡಕ್ಕೆ. ವಾಪಸ್ ಬರುವಾಗ ಇದೆಲ್ಲ ಅದಲುಬದಲು. ಮಂಗಳೂರಿಗೆ ಹೋಗುವವರಾದರೆ ಎಡಗಡೆ ಕೂರಿ, ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಪುಷ್ಪಗಿರಿ ಸಾಲು ಇರುತ್ತದೆ. ವಿಮಾನ ಗೆರೆ ಹಿಡಿದು ಹಾರುವುದಿಲ್ಲ, ದಾರಿ ಅಷ್ಟಿಷ್ಟು ಬದಲಾಗುತ್ತದೆ. ಆದರೂ ಕಡೆ ಸಾಮಾನ್ಯವಾಗಿ ತಪ್ಪುವುದಿಲ್ಲ.

ಮುಂದಕ್ಕೆ ಮುಖ ಮಾಡಿ ಕೂತಾಗ ಎಡ ಕಿಟಕಿ 'ಎ', ಬಲ ಕಿಟಕಿ 'ಎಫ್'.

ಆಮೇಲೆ ಸಾಲು. ಏರ್‌ಬಸ್ 320ರಂಥ ವಿಮಾನದಲ್ಲಿ ಸುಮಾರು 10ರಿಂದ 20ನೇ ಸಾಲಿನವರೆಗೆ ಕೆಳಗೆ ನೋಡಿದರೆ ರೆಕ್ಕೆಯೇ. ಅದಕ್ಕಿಂತ ಮುಂದಿನ ಸಾಲು ಒಳ್ಳೆಯದು. ರೆಕ್ಕೆಯ ಹಿಂದೆ ಕೂತರೆ ಎಂಜಿನ್ನಿನ ಬಿಸಿಗಾಳಿಗೆ ನೋಟ ಅಲುಗಾಡಿ ಫೋಟೋ ಮಸುಕಾಗುತ್ತದೆ. ಬೋಯಿಂಗ್ 737ರಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಿ. ರೆಕ್ಕೆಗಿಂತ ಸ್ವಲ್ಪ ಮುಂದೆ, ಎಸಿ ಗಾಳಿಯ ಕೊಳವೆ ಹಾಯುವ ಕಡೆ, ಕಿಟಕಿ ಸೀಟಿಗೆ ಕಿಟಕಿಯೇ ಇರುವುದಿಲ್ಲ! ಫ್ಯಾನ್ ಇರುವ ಸಣ್ಣ ವಿಮಾನ ಎಟಿಆರ್ ಸಿಕ್ಕರೆ ಅದೃಷ್ಟ. ಅದರ ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ, ಜೆಟ್‌ಗಿಂತ ಕೆಳಗೆ ಹಾರುತ್ತದೆ. ಅದರಲ್ಲಿ ಹಿಂದಿನ ಸಾಲು ಹಿಡಿಯಿರಿ.

ಹೊತ್ತೂ ಮುಖ್ಯ. ಕಣ್ಣೂರಿಗೆ ಬೆಳಗಿನ ವಿಮಾನವಾದರೆ ಬಿಸಿಲು ಬೆನ್ನ ಹಿಂದೆ, ಬೆಟ್ಟ ಸ್ಪಷ್ಟ. ಸಂಜೆ ಬಿಸಿಲು ಎದುರಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಗೊತ್ತಲ್ವಾ, ಮೋಡ ಬಿಟ್ಟು ಬೇರೇನೂ ಕಾಣದು. ಡಿಸೆಂಬರ್, ಜನವರಿಯ ಬೆಳಿಗ್ಗೆ ಹೋಗಿ. ತಗ್ಗಿನಲ್ಲೆಲ್ಲ ಮಂಜು ತುಂಬಿ, ಬೆಟ್ಟದ ತಲೆಗಳು ಮಾತ್ರ ಮೇಲೆದ್ದಿರುತ್ತವೆ. ಮಂಜು ಕರಗಿದ ಮೇಲೆ ತೋಟ ಹುಡುಕಬೇಡಿ, ಸಿಗುವುದಿಲ್ಲ. ನೆರಳು ಮರಗಳ ಕೆಳಗೆ ಕಾಫಿ ಅಡಗಿರುವುದರಿಂದ ಮೇಲಿನಿಂದ ಅದು ಕಾಡಿನ ಹಾಗೇ ಕಾಣುತ್ತದೆ. ಗದ್ದೆ ಹುಡುಕಿ. ಹಸಿರಿನ ನಡುವೆ ಹಾವಿನಂತೆ ಬಳುಕುವ ತೆಳು ಪಟ್ಟಿಯೇ ಗದ್ದೆ, ಅದರ ಎರಡೂ ಮಗ್ಗುಲ ಏರಿನಲ್ಲಿರುವುದು ತೋಟ.

ಫೋಟೋ ತೆಗೆಯುವಾಗ ಫೋನನ್ನು ಗಾಜಿನ ಹತ್ತಿರ ಹಿಡಿಯಿರಿ, ಆದರೆ ಒತ್ತಬೇಡಿ, ನಡುಕ ಬರುತ್ತದೆ. ಬಿಳಿ ಅಂಗಿಯ ನೆರಳು ಗಾಜಿನಲ್ಲಿ ಬೀಳುತ್ತದೆ, ಕಡು ಬಣ್ಣದ್ದು ಹಾಕಿಕೊಳ್ಳಿ.

ಹಿಂದಿನ ದಿನವೇ ಕೊಡಗಿನ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಕಿಟಕಿ ಪಕ್ಕ ಹಿಡಿದರೆ ನೀವೆಲ್ಲಿದ್ದೀರಿ ಎಂದು ನೀಲಿ ಚುಕ್ಕಿ ತೋರಿಸುತ್ತದೆ. ಚುಕ್ಕಿ ಗೋಣಿಕೊಪ್ಪದ ಹತ್ತಿರ ಬಂದಾಗ ಫೋನ್ ಕೆಳಗಿಡಿ. ಅಷ್ಟೊತ್ತಿಗೆ ವಿಮಾನ ಇಳಿಯತೊಡಗಿರುತ್ತದೆ. ಬಲಕ್ಕೆ, ಸ್ವಲ್ಪ ಮುಂದಕ್ಕೆ ನೋಡಿ. ಎಲ್ಲಕ್ಕಿಂತ ಎತ್ತರಕ್ಕೆ ನಿಂತಿದೆಯಲ್ಲ, 1,748 ಮೀಟರಿನ ತಡಿಯಂಡಮೋಳ್ ಅದೇ.