ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹಾಕುವ ಮುನ್ನ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಅವಸರ ಬೇಡ. ಮನೆ ಬಳಕೆದಾರರಿಗೆಂದು ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಘೋಷಿಸಿದೆ. ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ ಸಾಮಾನ್ಯವಾಗಿ ಯಂತ್ರ ತಾನೇ ಹಳೆಯದಕ್ಕೆ ಮರಳುತ್ತದೆ. ನಿಜವಾದ ತಲೆನೋವು, ಹೇಗೋ ಹಾಕಿಸಿಕೊಂಡು ಆಮೇಲೆ ಕೈಕೊಡುವ ಯಂತ್ರದ್ದು.

ಮೊದಲು ಪ್ರೊಸೆಸರ್ ನೋಡಿ. ಇಂಟೆಲ್ ಆದರೆ ಕನಿಷ್ಠ 8ನೇ ತಲೆಮಾರು, ಜೊತೆಗೆ ಟಿಪಿಎಂ 2.0 (ಭದ್ರತಾ ಕೀಗಳನ್ನು ಕಾಪಾಡುವ ಚಿಪ್), 4 ಜಿಬಿ ರ್‍ಯಾಮ್ (ಕೆಲಸಕ್ಕೆ 8 ಬೇಕೇ ಬೇಕು), 64 ಜಿಬಿ ಡಿಸ್ಕ್. ಇವೆಲ್ಲ ಇವೆಯೇ ಎಂದು ಇನ್‌ಸ್ಟಾಲರ್ ಮಾಡುವ ತಪಾಸಣೆಯನ್ನು ರೂಫಸ್‌ನಂಥ (ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವ) ಉಪಕರಣದಿಂದ ದಾಟಿಸಬಹುದು, ಆದರೆ ವಾರ್ಷಿಕ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಕೈಯಿಂದಲೇ ಹಾಕಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಎಂಬ ಸೂಚನೆ ಅನಿವಾರ್ಯವಾದ್ದರಿಂದ ಕೋರ್ 2 ಡ್ಯುಯೋ ಯಂತ್ರಗಳು ಬೂಟ್ ಆಗುವುದೇ ಇಲ್ಲ. ಅದಕ್ಕೆ ಯಾವ ಉಪಾಯವೂ ಇಲ್ಲ.

ಸಿಸ್ಟಮ್ ಇನ್‌ಫರ್ಮೇಶನ್ ತೆರೆದು ಬಯೋಸ್ ಮೋಡ್ (ಯಂತ್ರ ಶುರುಮಾಡುವ ಮೂಲ ತಂತ್ರಾಂಶದ ಬಗೆ) ನೋಡಿ. 'ಲೆಗಸಿ' ಎಂದಿದ್ದರೆ ಡಿಸ್ಕ್ ಬಹುತೇಕ ಎಂಬಿಆರ್ ಎಂಬ ಹಳೆಯ ವಿನ್ಯಾಸದ್ದು. ಅದನ್ನು ಜಿಪಿಟಿ ಎಂಬ ಹೊಸ ವಿನ್ಯಾಸಕ್ಕೆ ಬದಲಿಸದೆ, ವಿಂಡೋಸ್ 11ಕ್ಕೆ ಬೇಕಾದ ಯುಇಎಫ್‌ಐ (ಹೊಸ ಬೂಟ್ ವಿಧಾನ) ಬಯೋಸ್‌ನಲ್ಲಿ ಆನ್ ಮಾಡಿದರೆ ಈಗಿರುವ ವಿಂಡೋಸ್ ಬೂಟ್ ಆಗುವುದಿಲ್ಲ. ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪೀಕರಿಸುವ ವಿಂಡೋಸ್ ಸೌಲಭ್ಯ) ಇದ್ದರೆ ಬಯೋಸ್ ಮುಟ್ಟುವ ಮುನ್ನ ಅದನ್ನು ಸಸ್ಪೆಂಡ್ ಮಾಡಿ, 48 ಅಂಕೆಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಕೀ ಕಳೆದರೆ ಡೇಟಾ ಹೋಯಿತೆಂದೇ ಲೆಕ್ಕ. ಗಡಿಯಾರ ಪದೇ ಪದೇ ಹಿಂದೆ ಬೀಳುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಮೊದಲು ಬದಲಿಸಿ. ಸೆಲ್ ಸತ್ತು ಬಯೋಸ್ ಮೂಲ ಸ್ಥಿತಿಗೆ ಹೋದಾಗ ಸಾಟಾ ಮೋಡ್ (ಡಿಸ್ಕ್ ಜೊತೆ ಸಂಪರ್ಕದ ವಿಧಾನ) ಬದಲಾಗಿ, ವಿಂಡೋಸ್ ಬೂಟ್ ಡಿಸ್ಕ್ ಕಾಣದೆ ನೀಲಿ ಪರದೆ ಬರುವುದುಂಟು.

ಬ್ಯಾಕಪ್ಪನ್ನು ಬೇರೆ ಡಿಸ್ಕಿಗೆ ತೆಗೆಯಿರಿ, ಅದೇ ಡಿಸ್ಕಿನ ಡಿ ಡ್ರೈವ್ ಲೆಕ್ಕಕ್ಕಿಲ್ಲ. ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಟೈಪಿಸಿದ ಕಡತಗಳಿದ್ದರೆ ಆ ಫಾಂಟುಗಳನ್ನೂ ನಕಲಿಸಿ, ಇಲ್ಲವಾದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಹಳೆಯ ಪ್ರಿಂಟರ್, ಸ್ಕ್ಯಾನರಿಗೆ ವಿಂಡೋಸ್ 11ರ 64 ಬಿಟ್ ಡ್ರೈವರ್ ಇದೆಯೇ ಎಂದು ತಯಾರಕರ ಪುಟದಲ್ಲಿ ನೋಡಿ. ಈಗಿರುವುದು 32 ಬಿಟ್ ವಿಂಡೋಸ್ ಆದರೆ ಅದರ ಮೇಲೇ ಅಪ್‌ಗ್ರೇಡ್ ಆಗದು, ಹೊಸದಾಗಿಯೇ ಹಾಕಬೇಕು.

ಹಳೆಯ ವಿಂಡೋಸ್‌ಗೆ ಹಿಂದಿರುಗಲು ಸಿಗುವುದು 10 ದಿನ: ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಗೋ ಬ್ಯಾಕ್. ಜಾಗ ಉಳಿಸಲು ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿದರೆ ಆ ದಾರಿಯೂ ಮುಚ್ಚುತ್ತದೆ.

ಯಂತ್ರ ಈ ಮಟ್ಟಕ್ಕೆ ಬರದಿದ್ದರೆ, ಹಾರ್ಡ್‌ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ನೋಡಿ. ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆಯೇ, ಓಡಿಸಿ, ವೈಫೈ, ಧ್ವನಿ, ಪ್ರಿಂಟರ್ ಮೂರೂ ನಡೆದರೆ ಮಾತ್ರ ಇನ್‌ಸ್ಟಾಲ್ ಒತ್ತಿ.